70 ಗಂಟೆಯ ಲೆಕ್ಕ ತಾಳೆಯಾಗದು

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕ ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರಿನಲ್ಲಿ ಆಡಿದ ಮಾತು ಸ್ಟಾರ್ಟ್‌ಅಪ್ ಕಟ್ಟುವವರಿಗೆ ವೇದವಾಕ್ಯವಾಗಿದೆ. ಮೂರ್ತಿಯವರ ದುಡಿಮೆಯ ಬಗ್ಗೆ ಎರಡು ಮಾತಿಲ್ಲ, ತಕರಾರಿರುವುದು ಲೆಕ್ಕದಲ್ಲಿ. ಮೊದಲ ಮಹಾಯುದ್ಧ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆ ಪರಿಶೀಲಿಸಿದ ಸ್ಟ್ಯಾನ್‌ಫರ್ಡ್ ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್ ಕಂಡಂತೆ, 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆಯವರದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅದು ಮೈದುಡಿಮೆ, ಬುದ್ಧಿಯ ಕೆಲಸ ಬೇರೆ ಎನ್ನುವಿರಾ? ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ವಾರಕ್ಕೆ 55 ಗಂಟೆ ಮೀರಿದರೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35 ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ.

ಸ್ಥಾಪಕ ಸಂಬಳದಾಳಲ್ಲ, ಕನಸು ಅವನದು, ಗಂಟೆಯೂ ಅವನದು ಎಂಬ ವಾದವಿದೆ. ಆದರೆ ಯಾರನ್ನು ಸೇರಿಸಿಕೊಳ್ಳಬೇಕು, ಯಾವ ಷರತ್ತಿಗೆ ಸಹಿ ಹಾಕಬೇಕು ಎಂಬ ತೀರ್ಮಾನ ಅವನದೇ. ದಣಿದ ತಲೆಯ ತಪ್ಪಿಗೆ ಇಡೀ ತಂಡ ದಂಡ ತೆರುತ್ತದೆ. ಉತ್ಪನ್ನ ಬಿಡುಗಡೆಯ ವಾರ ನಿದ್ದೆಗೆಡುವುದು ಬೇರೆ, ವರ್ಷವಿಡೀ ಅದನ್ನೇ ನಿಯಮ ಮಾಡುವುದು ಬೇರೆ. ದುಡಿಮೆಗೆ ಬಿಡುವೂ ಬೇಕೆಂಬುದು ದಕ್ಷಿಣ ಕನ್ನಡದ ಮುಂಡಾಜೆಯ ಸೀಮೆಗೆ ಹೊಸ ಪಾಠವಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಗೆ, ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಮಳೆಗಾಲ ಕಳೆದ ಮೇಲೆಯೇ ಮತ್ತೆ ಹೊರಡುತ್ತವೆ. ಇದರಿಂದ ಯಕ್ಷಗಾನ ಸೊರಗಿಲ್ಲ. ಉಜಿರೆ, ಮೂಡುಬಿದಿರೆಯ ಕಾಲೇಜುಗಳಿಂದ ಹೊರಬಂದು ಉದ್ಯಮ ಕಟ್ಟುವ ಮಕ್ಕಳೇ, ವ್ಯವಹಾರದ ಯೋಜನೆಯಲ್ಲಿ ಬಂಡವಾಳದ ಜತೆಗೆ ರಜೆಯನ್ನೂ ಬರೆದಿಡಿ.