ಎರಡು ಮನೆಯ ಧಣಿ

ಗಿರಣಿ ಬಿಟ್ಟ ಗೆಳೆಯನೊಬ್ಬ, ಕೈಗೆ ಬಂದ ಗ್ರಾಚ್ಯುಯಿಟಿಯನ್ನೂ ಪ್ರಾವಿಡೆಂಟ್ ಫಂಡನ್ನೂ ನಿವೇಶನಕ್ಕೆ ಸುರಿದು, ಮಗನ ಹೆಸರಿನಲ್ಲಿ ಬ್ಯಾಂಕಿನ ಸಾಲ ತೆಗೆದು, ಬಾಡಿಗೆಗೆಂದು ಎರಡು ಮನೆ ಕಟ್ಟುತ್ತಾನೆ. ಗೃಹಪ್ರವೇಶಕ್ಕೆ ನಾವೂ ಹೋಗಿ ಹೋಳಿಗೆ ಉಂಡು ಬರುತ್ತೇವೆ. "ಇನ್ನೇನು ಮೇಷ್ಟ್ರೇ, ಕೂತು ಉಣ್ಣೋದು" ಎನ್ನುತ್ತಾನೆ. ಉಂಡ ಮನೆಯಲ್ಲಿ ಎದುರಾಡಬಾರದೆಂದು ಅಂದು ಸುಮ್ಮನಿದ್ದೆವು. ಇಂದು ಹೇಳುತ್ತೇವೆ: ಕೂತು ಉಣ್ಣುವುದು ಬ್ಯಾಂಕು. ಗೆಳೆಯ ಬಡಿಸುವವನು.

ಲೆಕ್ಕವನ್ನು ಹಲಗೆಯ ಮೇಲೆ ಬರೆದೇ ತೋರಿಸೋಣ. ಹಳೆಯ ಮೇಷ್ಟರ ಚಟ ಸುಲಭಕ್ಕೆ ಬಿಡದು. ಸಾಲ 20 ಲಕ್ಷ ರೂಪಾಯಿ, ವರ್ಷಕ್ಕೆ ನೂರಕ್ಕೆ 9ರ ಬಡ್ಡಿ, 20 ವರ್ಷದ ಗಡುವು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 18,000. ಮನೆಗೆ 6,500ರಂತೆ ಎರಡು ಮನೆಯಿಂದ ಬಂದದ್ದು 13,000. ಉಳಿದ 5,000 ಎಲ್ಲಿಂದ? ಅದರ ಮೇಲೆ ಕಂದಾಯ, ಸುಟ್ಟ ಮೋಟಾರು, ಸೋರುವ ತಾರಸಿ, ಮನೆ ಖಾಲಿ ಬಿದ್ದ ತಿಂಗಳು. ಗಡುವು ಮುಗಿಯುವ ಹೊತ್ತಿಗೆ ಬ್ಯಾಂಕಿಗೆ ಕಟ್ಟಿದ ಮೊತ್ತ 43 ಲಕ್ಷ! "ನಿವೇಶನದ ಬೆಲೆ ಏರುತ್ತದಲ್ಲ" ಎನ್ನುವಿರಿ. ಏರಲಿ. ಮಾರಿದ ದಿನ ತಾನೆ ಅದು ದುಡ್ಡು? ಅಲ್ಲಿಯವರೆಗೆ ಕೊರತೆ ತುಂಬುವವರು ಯಾರು?

ಬಾಡಿಗೆದಾರನೇ ತುಂಬಬೇಕು. ಅವನೂ ಹೊರಗಿನವನಲ್ಲ, ಹಮಾಲಿ ಮಾಡುವವನು, ದರ್ಜಿ, ಅಂಗಡಿಯ ಗುಮಾಸ್ತ. ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿಯಿದೆಯೆಂದು ಕೇಳಿ ನಮ್ಮ ಊರುಗಳ ಧಣಿಗಳ ಬಾಯಲ್ಲೂ ನೀರೂರಿದೆ. ಆ ಮುಂಗಡಕ್ಕೆ ಬಿಡಿಗಾಸು ಬಡ್ಡಿಯಿಲ್ಲ. ಮನೆ ಬಿಡುವ ದಿನ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೇರೆ. ಭೋಗ್ಯದ ಕಥೆ ಇನ್ನೂ ಘೋರ: ಹೆಂಡತಿಯ ಒಡವೆ ಮಾರಿ ಲಕ್ಷಗಳನ್ನು ಎಣಿಸಿಕೊಟ್ಟವನಿಗೆ, ಅದೇ ಮನೆ ಬ್ಯಾಂಕಿನಲ್ಲಿ ಅಡವಿದೆಯೆಂಬುದು ಹರಾಜಿನ ನೋಟೀಸು ಬಾಗಿಲಿಗೆ ಅಂಟಿದಾಗ ತಿಳಿಯುತ್ತದೆ. ಭೋಗ್ಯಕ್ಕೆ ಹೋಗುವವರು ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ನೋಡತಕ್ಕದ್ದು.

ಕಾನೂನು ಎಲ್ಲಿದೆ ಎಂದು ಕೇಳುವಿರಾ? 1961ರ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ತೆಗೆದು 1999ರ ಬಾಡಿಗೆ ಕಾಯ್ದೆಯನ್ನು ತಂದರು; ಅದು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಕಟ್ಟಡಕ್ಕೆ ಅದು ಅನ್ವಯಿಸದೆಂದು ಬರೆದಿಟ್ಟರು. ಅಂಗಡಿಯಾದರೆ 14 ಚದರ ಮೀಟರು, ಎಂದರೆ ಸುಮಾರು 150 ಚದರ ಅಡಿಯೊಳಗೂ ಇರಬೇಕು. ವರ್ತಕ ಮಿತ್ರರೇ, ಪೇಟೆಯಲ್ಲಿ ಇಂದು 2,000ಕ್ಕೆ ಸಿಗುವ ಮಳಿಗೆ ಯಾವುದು? ಅದರ ನೆರಳು ತಪ್ಪಿದವನ ಪಾಲಿಗೆ ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯವನನ್ನು ಬಿಡಿಸಲು ಅದರ ಪ್ರಕಾರ 15 ದಿನದ ನೋಟೀಸು ಸಾಕು. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಮುಂಗಡವೆಂದಿದೆ. ಮಾದರಿ ತಾನೆ? ರಾಜ್ಯ ಶಾಸನ ಮಾಡದೆ ಅದು ಯಾರ ಕೈಯನ್ನೂ ಹಿಡಿಯದು.

ತೆರಿಗೆಯ ತಮಾಷೆಯನ್ನೂ ನೋಡಿ. ಬಾಡಿಗೆಯ ವರಮಾನದಲ್ಲಿ ಪೌರ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ನ್ನು ಸರ್ಕಾರ ಬಿಟ್ಟುಕೊಡುತ್ತದೆ. ರಿಪೇರಿ ಮಾಡಿಸಿದ ಒಂದು ರಸೀದಿಯನ್ನೂ ಕೇಳುವುದಿಲ್ಲ. ನಮ್ಮ ಎರಡು ಮನೆಯ ಗೆಳೆಯನಿಗೆ ಇದರಿಂದ ಏನು ಬಂತು? ಅವನ ವರಮಾನ ತೆರಿಗೆಯ ಮಟ್ಟಕ್ಕೇ ಏರದು. ಲಾಭ ಇಪ್ಪತ್ತು ಮನೆಯವನಿಗೆ. ಸುಣ್ಣದ ದುಡ್ಡನ್ನು ಆತ ಸರ್ಕಾರದಿಂದ ಒಮ್ಮೆ, ಬಾಡಿಗೆದಾರನಿಂದ ಒಮ್ಮೆ ವಸೂಲು ಮಾಡುತ್ತಾನೆ. ಗೋಡೆ ಮಾತ್ರ ಹಾಗೆಯೇ ಇರುತ್ತದೆ.

1915ರಲ್ಲಿ ಗ್ಲಾಸ್ಗೋ ಪಟ್ಟಣದ ಕಾರ್ಮಿಕ ಹೆಂಗಸರು, ಮೇರಿ ಬಾರ್ಬರ್ ಮೊದಲಾದವರ ಮುಂದಾಳುತನದಲ್ಲಿ, ಏರಿಸಿದ ಬಾಡಿಗೆ ಕೊಡೆವೆಂದು ಹಟ ಹಿಡಿದರು. ಆ ವರ್ಷ ಮುಗಿಯುವುದರೊಳಗೆ ಬ್ರಿಟಿಷ್ ಸರ್ಕಾರ ಕಾಯ್ದೆ ಮಾಡಬೇಕಾಯಿತು. ಅದು ಬಾಡಿಗೆಗೆ ಕಡಿವಾಣ ಹಾಕಿದ್ದಲ್ಲದೆ, ಮನೆಯ ಮೇಲಿನ ಅಡಮಾನ ಸಾಲದ ಬಡ್ಡಿಗೂ ಹಾಕಿತು. ನಮ್ಮ ಬೇಡಿಕೆಯೂ ಅದೇ ಜೋಡಿ: 2,000ದ ಮಿತಿ ಇಂದಿನ ಬೆಲೆಗೆ ಏರಲಿ, ಮುಂಗಡ ಎರಡು ತಿಂಗಳಿಗೆ ನಿಲ್ಲಲಿ, ಒಂದೆರಡು ಮನೆ ಕಟ್ಟಿದ ಕೂಲಿಕಾರನ ಸಾಲದ ಬಡ್ಡಿ ಇಳಿಯಲಿ. ಧಣಿಯಾದ ಗೆಳೆಯ ಕಂತಿನ ಪಾಸ್‌ಬುಕ್ಕು ತರಲಿ, ಬಾಡಿಗೆದಾರ ಗೆಳೆಯ ಬಾಡಿಗೆ ಚೀಟಿ ತರಲಿ. ಎರಡನ್ನೂ ಒಂದೇ ಅರ್ಜಿಗೆ ಲಗತ್ತಿಸುತ್ತೇವೆ.