ಹಕ್ಕಿ ಬಗ್ಗೆ ಮಾತಾಡೋದು ಯಾರ ಹತ್ರ?

ಕಳೆದ ಜನವರಿಯಲ್ಲಿ ನಮ್ಮ ಎನ್‌ಎಸ್‌ಎಸ್ ಕ್ಯಾಂಪ್ ನಡೆದದ್ದು ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಒಂದು ಹಳ್ಳಿಯಲ್ಲಿ. ಹತ್ತಿರದಲ್ಲೇ ಮಾಗಡಿ ಕೆರೆ. (ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ. ನಾನೂ ಮೊದಲು ಅದೇ ಅಂದ್ಕೊಂಡಿದ್ದೆ.) ಒಂದು ದಿನ ಸಾಯಂಕಾಲ ಶಾಲೆಯ ಜಗುಲಿಯಲ್ಲಿ "ವಲಸೆ ಹಕ್ಕಿಗಳು ಮತ್ತು ಅವುಗಳ ಸಂರಕ್ಷಣೆ" ಅಂತ ಊರವರಿಗೆ ಒಂದು ಟಾಕ್ ಕೊಡೋದು ಅಂತ ಪ್ಲಾನ್ ಆಯ್ತು. ನೇಚರ್ ಕ್ಲಬ್‌ನಲ್ಲಿ ಇದ್ದೀನಿ ಅನ್ನೋ ಒಂದೇ ಕಾರಣಕ್ಕೆ ಅದು ನನ್ನ ತಲೆಗೆ ಬಂತು.

32 ಸ್ಲೈಡ್ ಮಾಡಿದ್ದೆ. ಎಲ್ಲಾ ಇಂಗ್ಲಿಷ್‌ನಲ್ಲಿ. ಬಾಯಲ್ಲಿ ಕನ್ನಡದಲ್ಲಿ ಹೇಳಿದ್ರಾಯ್ತು ಅಂದ್ಕೊಂಡಿದ್ದೆ. ಜಗುಲಿ ಮೇಲೆ ನಿಂತಾಗ ಎರಡು ವಿಷಯ ಗೊತ್ತಾಯ್ತು. ಒಂದು, ಸಂಜೆ ಐದು ಗಂಟೆ ಬಿಸಿಲಲ್ಲಿ ಪ್ರೊಜೆಕ್ಟರ್ ಬೆಳಕು ಏನೂ ಕಾಣಲ್ಲ. ಎರಡು, ಬಾರ್ ಹೆಡೆಡ್ ಗೂಸ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಪಟ್ಟೆತಲೆ ಹೆಬ್ಬಾತು ಅಂತ ಆಮೇಲೆ ತಿಳಿದುಕೊಂಡೆ. ಅವತ್ತು ಮಾತ್ರ ಇಂಗ್ಲಿಷ್ ಹೆಸರನ್ನೇ ಮೂರು ಸಲ ಹೇಳಿದೆ. ಮುಂದೆ ಕೂತಿದ್ದ ಹುಡುಗರು ಅದನ್ನು ಹಾಗೇ ಅನುಕರಿಸಿ ನಕ್ಕರು. ಅವು ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರ್ತವೆ, ಹಿಮಾಲಯ ದಾಟುವಾಗ 7,000 ಮೀಟರ್‌ಗಿಂತ ಮೇಲೆ ಹಾರಿದ ದಾಖಲೆ ಇದೆ, ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರ್ ಪಟ್ಟಿ ಹಾಕಿದ ಹಕ್ಕಿಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ ಅಂತೆಲ್ಲ ಹೇಳಿದೆ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣ ಆಯ್ತು, ಬರೀ 50 ಹೆಕ್ಟೇರ್ ಕೆರೆಗೆ ಚಳಿಗಾಲದಲ್ಲಿ ಸುಮಾರು 8,000 ಹೆಬ್ಬಾತು ಬರ್ತವೆ, ಒಟ್ಟು 166ಕ್ಕೂ ಹೆಚ್ಚು ಜಾತಿ ಹಕ್ಕಿಗಳಲ್ಲಿ 130 ವಲಸೆ ಬರುವಂಥವು, ಅದಕ್ಕೇ ನೀವೆಲ್ಲ ಹೆಮ್ಮೆ ಪಡಬೇಕು ಅಂದೆ. ಕೊನೆಗೆ "ಎನಿ ಕ್ವೆಶ್ಚನ್ಸ್?" ಅಂತಾನೂ ಕೇಳಿಬಿಟ್ಟೆ. ಅಭ್ಯಾಸ ಬಲ.

ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಅಜ್ಜ ಕೇಳಿದ್ರು: "ತಮ್ಮಾ, ನೀ ಹೇಳಿದ್ದೆಲ್ಲಾ ಖರೇ ಐತಿ. ರಾತ್ರಿ ನಮ್ಮ ಹೊಲಕ್ಕ ಇಳದು ಕಡ್ಲಿ ಮೇಯ್ತಾವಲ್ಲ, ಅದನ್ಯಾಕ ಹೇಳಲಿಲ್ಲ?"

ನನಗೆ ಅದು ಗೊತ್ತಿರಲಿಲ್ಲ. ಕೆರೆಯಲ್ಲಿ ಇರೋ ಹಕ್ಕಿ ಕೆರೆಯಲ್ಲೇ ತಿನ್ನುತ್ತೆ ಅಂದ್ಕೊಂಡಿದ್ದೆ. ಈ ಹೆಬ್ಬಾತುಗಳಿಗೆ ಹಗಲಲ್ಲಿ ಕೆರೆ ಅಂದ್ರೆ ವಿಶ್ರಾಂತಿ ಜಾಗ ಅಷ್ಟೇ. ಹೊಟ್ಟೆ ತುಂಬಿಸಿಕೊಳ್ಳೋದು ಸುತ್ತಲಿನ ಹೊಲಗಳಲ್ಲಿ. 8,000 ಅನ್ನೋ ಸಂಖ್ಯೆಯನ್ನ ನಾನು ಎಷ್ಟು ಖುಷಿಯಿಂದ ಹೇಳಿದ್ದೆನೋ, ಹಿಂಗಾರು ಬೆಳೆ ಹಾಕಿದವರಿಗೆ ಅದು ಅಷ್ಟು ಖುಷಿಯ ಸಂಖ್ಯೆ ಅಲ್ಲ ಅನ್ನೋದು ಆಗ ಹೊಳೀತು. "ರಾಮ್ಸರ್ ಆದ್ರ ನಮಗೇನ್ ಸಿಗತೈತಿ?" ಅಂತ ಇನ್ನೊಬ್ಬರು ಕೇಳಿದ್ರು. ಜಗಳಕ್ಕೆ ಅಲ್ಲ, ನಿಜವಾಗಿ ತಿಳ್ಕೊಳ್ಳೋಕೆ. ನಾನು ನಮ್ಮ ಸರ್ ಮುಖ ನೋಡಿದೆ, ಸರ್ ಲ್ಯಾಪ್‌ಟಾಪ್ ಮುಖ ನೋಡಿದ್ರು.

ಇಷ್ಟು ಹೇಳಿದ್ದು ನನ್ನ ಮರ್ಯಾದೆ ನಾನೇ ಕಳ್ಕೊಳ್ಳೋಕಲ್ಲ. ವಲಸೆ ಪ್ರಾಣಿಪಕ್ಷಿಗಳ ಬಗ್ಗೆ ನಾವು ನಡೆಸೋ ಟಾಕ್‌ಗಳಲ್ಲಿ ಹೆಚ್ಚಿನವು ಹೀಗೇ ಇರ್ತವೆ ಅಂತ ನನಗೆ ಅನ್ನಿಸಿದೆ. ಕ್ಯಾಂಪಸ್ ಆಡಿಟೋರಿಯಂನಲ್ಲಿ ಅಕ್ಟೋಬರ್ ಮೊದಲ ವಾರ ವನ್ಯಜೀವಿ ಸಪ್ತಾಹ ಬಂತು ಅಂದ್ರೆ ಯಾರಾದ್ರೂ ಬರ್ತಾರೆ, ಅದ್ಭುತ ಫೋಟೋ ತೋರಿಸ್ತಾರೆ, ನಾವು ಆಕ್ಟಿವಿಟಿ ಪಾಯಿಂಟ್‌ಗೆ ಸೈನ್ ಮಾಡಿ ಎಸಿಯಲ್ಲಿ ಕೂತು ಬರ್ತೀವಿ. ನಮ್ಮಲ್ಲಿ ಒಬ್ಬರೂ ಹೆಬ್ಬಾತು ಹಿಡಿಯೋದಿಲ್ಲ, ಒಬ್ಬರ ಹೊಲಕ್ಕೂ ಅದು ಇಳಿಯೋದಿಲ್ಲ. ಹಕ್ಕಿಯನ್ನ ಉಳಿಸು ಅಂತ ನಮಗೆ ಹೇಳೋದು ಸುಲಭ, ನಾವು ಒಪ್ಪೋದು ಇನ್ನೂ ಸುಲಭ. ಯಾರಿಗೆ ಒಪ್ಪೋದು ಕಷ್ಟವೋ ಅವರ ಹತ್ರ ಮಾತಾಡೋದೇ ನಿಜವಾದ ಕೆಲಸ. ಅಲ್ಲಿ ಹೋದಾಗ ಮೊದಲು ಬಾಯಿಗಿಂತ ಕಿವಿ ಬೇಕು.

ಇದು ನನ್ನ ತಲೆಯಿಂದ ಬಂದ ಥಿಯರಿ ಅಲ್ಲ. ಕ್ಯಾಂಪ್‌ನಿಂದ ಬಂದ ಮೇಲೆ ಹುಡುಕಿ ಓದಿದ್ದರಲ್ಲಿ ನನ್ನನ್ನ ಹೆಚ್ಚು ಹಿಡಿದು ನಿಲ್ಲಿಸಿದ್ದು ನಾಗಾಲ್ಯಾಂಡಿನ ಪಾಂಗ್ಟಿ ಅನ್ನೋ ಊರಿನ ಕತೆ. ಎಂಜಿನಿಯರಿಂಗ್ ಓದೋ ನಮಗೆ ಇದು ಬೇರೆ ಕಾರಣಕ್ಕೂ ಗೊತ್ತಿರಬೇಕು.

ವೋಖಾ ಜಿಲ್ಲೆಯಲ್ಲಿ ಡೊಯಾಂಗ್ ನದಿಗೆ ಒಂದು ಅಣೆಕಟ್ಟು ಇದೆ. 75 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆ, 2000ದ ಹೊತ್ತಿಗೆ ಶುರುವಾಯ್ತು. ಹಿನ್ನೀರಿನಲ್ಲಿ ಸುತ್ತಲ ಹಳ್ಳಿಗಳ ಒಳ್ಳೇ ಕೃಷಿಭೂಮಿ ಮುಳುಗಿತು. ಗದ್ದೆ ಕಳ್ಕೊಂಡವರು ಬಲೆ ಹಿಡಿದು ಮೀನುಗಾರರಾದ್ರು. ಅದೇ ಜಾಗಕ್ಕೆ ಪ್ರತಿ ಅಕ್ಟೋಬರ್, ನವೆಂಬರ್‌ನಲ್ಲಿ ಅಮುರ್ ಫಾಲ್ಕನ್ ಅನ್ನೋ ಪುಟ್ಟ ಬೇಟೆಹಕ್ಕಿಗಳು ಲಕ್ಷಗಟ್ಟಲೆ ಇಳಿಯುತ್ತವೆ. ತೂಕ ಸುಮಾರು 150 ಗ್ರಾಂ, ನಮ್ಮ ಫೋನಿಗಿಂತ ಕಮ್ಮಿ. ಪೂರ್ವ ಸೈಬೀರಿಯಾ, ಉತ್ತರ ಚೀನಾದಿಂದ ಹೊರಟು ದಕ್ಷಿಣ ಆಫ್ರಿಕಾಕ್ಕೆ ಹೋಗೋ ದಾರಿಯಲ್ಲಿ ಇಲ್ಲಿ ಗೆದ್ದಲು ಹುಳ ತಿಂದು ಕೊಬ್ಬು ತುಂಬಿಕೊಳ್ತವೆ. ಆಮೇಲೆ ಅರಬ್ಬೀ ಸಮುದ್ರ ದಾಟಬೇಕಲ್ಲ, ಅದಕ್ಕೆ.

ಮೀನಿನ ಬಲೆಯನ್ನೇ ಮರಗಳ ನಡುವೆ ಕಟ್ಟಿದ್ರೆ ಈ ಹಕ್ಕಿ ಸಿಗುತ್ತೆ ಅಂತ ಜನರಿಗೆ ಗೊತ್ತಾಯ್ತು. 2012ರ ಅಕ್ಟೋಬರ್ ಕೊನೆಯಲ್ಲಿ ಬಾನೋ ಹರಾಲು ಅನ್ನೋ ನಾಗಾ ಪತ್ರಕರ್ತೆ ಮತ್ತು ಕನ್ಸರ್ವೇಶನ್ ಇಂಡಿಯಾ ತಂಡದವರು ಅಲ್ಲಿಗೆ ಹೋಗಿ ನೋಡಿದಾಗ ದಿನಕ್ಕೆ 12,000ದಿಂದ 14,000, ಒಂದು ಸೀಸನ್‌ಗೆ 1,20,000ದಿಂದ 1,40,000 ಹಕ್ಕಿ ಸಾಯ್ತಿವೆ ಅಂತ ಅಂದಾಜು ಮಾಡಿದ್ರು. ಅದೇ ತಿಂಗಳು ಹೈದರಾಬಾದಿನಲ್ಲಿ ಜೀವವೈವಿಧ್ಯದ ಬಗ್ಗೆ ವಿಶ್ವಸಂಸ್ಥೆಯ ದೊಡ್ಡ ಸಮ್ಮೇಳನ ನಡೆದಿತ್ತು. ಅಲ್ಲೂ ಟಾಕ್‌ಗಳು ಭರ್ಜರಿಯಾಗೇ ಇದ್ದವು ಅಂತ ಊಹಿಸಬಹುದು.

ಮುಂದಿನ ವರ್ಷ, 2013ರಲ್ಲಿ, ಡೊಯಾಂಗ್ ಸುತ್ತ ಒಂದೇ ಒಂದು ಹಕ್ಕಿಯೂ ಬಲೆಗೆ ಬಿದ್ದ ವರದಿ ಇಲ್ಲ. ಒಂದು ವರ್ಷದಲ್ಲಿ ಲಕ್ಷದಿಂದ ಸೊನ್ನೆ! ಇದನ್ನ ಮೊದಲ ಸಲ ಓದಿದಾಗ ಯಾವುದೋ ವಾಟ್ಸ್‌ಆ್ಯಪ್ ಫಾರ್ವರ್ಡ್ ಅಂದ್ಕೊಂಡೆ. ನಿಜ.

ಹೇಗೆ ಆಯ್ತು? ಪೊಲೀಸ್ ಭಯ ಸ್ವಲ್ಪ ಇರಬಹುದು, ವನ್ಯಜೀವಿ ಕಾಯ್ದೆ 1972ರಿಂದಲೂ ಇದೆ. ಆದ್ರೆ 2012ರಲ್ಲೂ ಆ ಕಾಯ್ದೆ ಇತ್ತಲ್ಲ. ಬದಲಾಗಿದ್ದು ಮಾತು ನಡೆದ ಜಾಗ. ಮಾತು ನಡೆದದ್ದು ಗ್ರಾಮ ಮಂಡಳಿಯಲ್ಲಿ, ಚರ್ಚ್‌ನಲ್ಲಿ, ಶಾಲೆಯಲ್ಲಿ. ಅಲ್ಲಿ ಜಮೀನು ಸರ್ಕಾರದ್ದಲ್ಲ, ಊರವರದ್ದು. ಹಾಗಾಗಿ ನಿರ್ಧಾರವೂ ಅವರದ್ದೇ ಆಗಬೇಕಿತ್ತು. ಪಾಂಗ್ಟಿ, ಆಶಾ, ಸುಂಗ್ರೋ ಹಳ್ಳಿಗಳು ತಾವೇ ಬೇಟೆ ನಿಲ್ಲಿಸೋ ನಿರ್ಣಯ ಮಾಡಿದವು. ಮಕ್ಕಳಿಗೆ ಅಂತ ಪರಿಸರ ಕ್ಲಬ್ ಶುರುವಾದವು. ಹಕ್ಕಿ ತಂಗೋ ಜಾಗದ ಜಮೀನುದಾರರು ತಮ್ಮದೇ ಒಂದು ಸಂಘ ಕಟ್ಟಿಕೊಂಡ್ರು. ಆ ನವೆಂಬರ್‌ನಲ್ಲಿ ವಿಜ್ಞಾನಿಗಳು ಮೂರು ಹಕ್ಕಿಗೆ ಸ್ಯಾಟಲೈಟ್ ಟ್ಯಾಗ್ ಕಟ್ಟಿ ನಾಗಾ, ವೋಖಾ, ಪಾಂಗ್ಟಿ ಅಂತ ಹೆಸರಿಟ್ರು. ನನಗೆ ಇದು ತುಂಬಾ ಜಾಣತನದ ಕೆಲಸ ಅನ್ನಿಸ್ತು. ನಿಮ್ಮೂರಿನ ಹೆಸರಿನ ಹಕ್ಕಿ ಸಮುದ್ರ ದಾಟಿ ಸೋಮಾಲಿಯಾ ಮುಟ್ಟಿತು ಅಂತ ಸುದ್ದಿ ಬಂದ್ರೆ ಅದು ಇನ್ನೊಂದು ಜಾತಿಯ ಹಕ್ಕಿ ಅಲ್ಲ, ಕೆಲಸಕ್ಕೆ ಗಲ್ಫ್‌ಗೆ ಹೋದ ನಿಮ್ಮೂರ ಹುಡುಗನ ಥರ. ಸೇರಿದ್ನಾ, ಊಟ ಮಾಡಿದ್ನಾ ಅಂತ ಕೇಳೋ ಹಾಗಾಗುತ್ತೆ.

ಆದ್ರೆ ಕತೆ ಇಲ್ಲಿಗೆ ಸುಖಾಂತ್ಯ ಅಂತ ಹೇಳಿದ್ರೆ ನಾನು ಮತ್ತೆ ಅದೇ 32 ಸ್ಲೈಡ್ ತಪ್ಪು ಮಾಡಿದ ಹಾಗೆ. ಹಕ್ಕಿ ಮಾರಿ ಬರ್ತಿದ್ದ ದುಡ್ಡು ಆ ಮನೆಗಳಿಗೆ ನಿಂತುಹೋಯ್ತು. ಮುಳುಗಿದ ಗದ್ದೆ ವಾಪಸ್ ಬರಲಿಲ್ಲ. ಪ್ರವಾಸಿಗರು ಬರ್ತಾರೆ ಅನ್ನೋದು ವರ್ಷಕ್ಕೆ ಒಂದೆರಡು ತಿಂಗಳ ಮಾತು. ಎರಡು ಸಲ ಕಳ್ಕೊಂಡವರು ಅವರು, ಒಂದು ಸಲ ನಮ್ಮ ಕರೆಂಟಿಗೆ, ಇನ್ನೊಂದು ಸಲ ಹಕ್ಕಿಗೆ. ಆ ಅಣೆಕಟ್ಟಿನ ಡಿಸೈನ್ ಟೇಬಲ್ ಮೇಲೆ ಕೂತವರು ನಮ್ಮಂಥವರೇ. ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್.

ನಮ್ಮಲ್ಲೇ ಇದಕ್ಕಿಂತ ಹಳೇ ಉದಾಹರಣೆ ಇದೆ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿಗೆ ಬರೋ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಹಿಮಾಲಯ ದಾಟಿ ಬರೋವಲ್ಲ, ಒಂದು ಸೀಮೆಯಿಂದ ಇನ್ನೊಂದಕ್ಕೆ ಓಡಾಡೋವು. ಊರ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ತವೆ. ಹೆರಿಗೆಗೆ ತವರಿಗೆ ಬರೋ ಹೆಣ್ಣುಮಕ್ಕಳು ಅಂತ ಊರವರು ಹೇಳ್ತಾರೆ ಅನ್ನೋದನ್ನ ಎಲ್ಲ ಲೇಖನಗಳಲ್ಲೂ ಓದಿರ್ತೀರಿ. ಆದ್ರೆ ಗೂಡಿರೋ ಮರದ ಹುಣಸೆಹಣ್ಣು ಮಾಲೀಕನ ಕೈಗೆ ಸರಿಯಾಗಿ ಸಿಗಲ್ಲ, ಅದಕ್ಕೆ ಅರಣ್ಯ ಇಲಾಖೆ ಮರಕ್ಕೆ ಇಷ್ಟು ಅಂತ ಪರಿಹಾರ ಕೊಡೋ ಪದ್ಧತಿ ಬಂತು ಅನ್ನೋದನ್ನ ಎಷ್ಟು ಜನ ಓದಿದ್ದೀರಿ? ಊರವರದ್ದೇ ಹೆಜ್ಜಾರ್ಲೆ ಬಳಗ ಇದೆ, ಗೂಡಿಂದ ಬಿದ್ದ ಮರಿಗಳನ್ನ ಸಾಕಿ ಬಿಡ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಆಯ್ತು. ಪ್ರೀತಿನೂ ಇತ್ತು, ಲೆಕ್ಕಾನೂ ಇತ್ತು. ನಾವು ಟಾಕ್‌ನಲ್ಲಿ ಪ್ರೀತಿ ಮಾತ್ರ ಹೇಳ್ತೀವಿ, ಯಾಕಂದ್ರೆ ಅದಕ್ಕೆ ಫೋಟೋ ಚೆನ್ನಾಗಿ ಬರುತ್ತೆ.

ಈ ಲೇಖನ ಬರೀತೀನಿ ಅಂದಾಗ ನನ್ನ ರೂಮ್‌ಮೇಟ್ ಒಂದು ಮಾತು ಹೇಳಿದ. "ಹಾಗಾದ್ರೆ ಕ್ಯಾಂಪಸ್‌ನಲ್ಲಿ ಟಾಕೇ ಬೇಡ್ವಾ? ನಾಳೆ ನಾವೇ ತಾನೇ ವಿಂಡ್‌ಮಿಲ್, ಟ್ರಾನ್ಸ್‌ಮಿಷನ್ ಲೈನ್ ಹಾಕೋರು?" ಸರಿಯಾದ ಪ್ರಶ್ನೆ. ನಾನು ಬೇಡ ಅಂತಿಲ್ಲ. ನಮಗೆ ಬೇಕಾಗಿರೋದು ಬೇರೆ ಟಾಕ್ ಅಂತಿದೀನಿ. ಹೆಬ್ಬಾತಿನ ರೆಕ್ಕೆಯ ಕ್ಲೋಸಪ್ ನಮಗೆ ಬೇಡ. ಕೆರೆಗೂ ಹೊಲಕ್ಕೂ ಮಧ್ಯೆ ಕತ್ತಲಲ್ಲಿ ಸಾವಿರಾರು ಭಾರದ ಹಕ್ಕಿಗಳು ಓಡಾಡೋ ಕಡೆ ಹೈಟೆನ್ಶನ್ ತಂತಿ ಎಲ್ಲಿ ಎಳೀಬಾರದು, ತಂತಿ ಹಕ್ಕಿಗೆ ಕಾಣೋ ಹಾಗೆ ಏನು ಕಟ್ಟಬೇಕು, ಆ ಖರ್ಚನ್ನ ಟೆಂಡರ್‌ನಲ್ಲಿ ಎಲ್ಲಿ ತೋರಿಸಬೇಕು, ಇದನ್ನ ಯಾರಾದ್ರೂ ಬಂದು ಹೇಳಲಿ. ಗದಗ ಕಡೆ ಬಸ್ಸಲ್ಲಿ ಹೋದವರಿಗೆ ಗೊತ್ತು, ಕಿಟಕಿಯಾಚೆ ಎಷ್ಟು ಗಾಳಿಯಂತ್ರ ಕಾಣುತ್ತೆ ಅಂತ.

ಹಳ್ಳಿಯ ಟಾಕ್ ಅಂತೂ ಉಲ್ಟಾ ಆಗಬೇಕು. ಅವತ್ತು ಜಗುಲಿಯಲ್ಲಿ ಪ್ರೊಜೆಕ್ಟರ್ ಆಫ್ ಮಾಡಿದ ಮೇಲೆ ನಡೆದ ಅರ್ಧ ಗಂಟೆ ಮಾತಲ್ಲಿ ನನಗೆ ಗೊತ್ತಾದದ್ದು ಆ 32 ಸ್ಲೈಡ್‌ನಲ್ಲಿ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಮೊದಲ ಗುಂಪು ಬರೋದು, ಶಿವರಾತ್ರಿ ಹೊತ್ತಿಗೆ ಕಮ್ಮಿ ಆಗೋದು, ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಬೇರೆ ಕೆರೆ ಹುಡುಕೋದು, ಯಾರ ಹೊಲಕ್ಕೆ ಮೊದಲು ಇಳಿಯುತ್ತವೆ ಅನ್ನೋದು, ಎಲ್ಲ ಅವರ ಬಾಯಲ್ಲೇ ಇತ್ತು. ಹಿಕ್ಕೆ ಹೊಲಕ್ಕೆ ಗೊಬ್ಬರ ಅಂತ ಒಬ್ಬರು, ಅಷ್ಟಕ್ಕೆ ಕಡಲೆ ಬಿಟ್ಟುಕೊಡೋಕಾಗುತ್ತಾ ಅಂತ ಇನ್ನೊಬ್ಬರು. ಅವರವರಲ್ಲೇ ವಾದ ಶುರುವಾಯ್ತು. ನಾವು ಕೂತು ಕೇಳಿದ್ವಿ. ಕಡಲೆ ಹೋಗುತ್ತೆ ಅಂತ ಬೈತಿದ್ದ ಆ ಅಜ್ಜನೇ ಕೊನೆಗೆ "ಹೊಡಿಯಾಕ ಮನಸ್ ಬರಂಗಿಲ್ಲ ತಮ್ಮಾ, ದೂರದಿಂದ ಬಂದಿರ್ತಾವು" ಅಂದ್ರು. ಅವರಿಗೆ ಸಂರಕ್ಷಣೆ ಅನ್ನೋ ಪದ ನಾನು ಕಲಿಸಬೇಕಿತ್ತಾ?

ಮುಂದಿನ ಜನವರಿ ಕ್ಯಾಂಪ್‌ಗೆ ಅದೇ ಊರಿಗೆ ಹೋಗೋಣ ಅಂತ ಎನ್‌ಎಸ್‌ಎಸ್ ಮೀಟಿಂಗ್‌ನಲ್ಲಿ ಕೇಳಿದ್ದೀನಿ. ಪ್ರೊಜೆಕ್ಟರ್ ಬೇಡ ಅಂತಾನೂ ಹೇಳಿದ್ದೀನಿ. ಪ್ಲಾನ್ ಇಷ್ಟೇ: ಹೊಲ ಹೊಲಕ್ಕೆ ಹೋಗಿ ಎಷ್ಟು ಗುಂಟೆ ಮೇದಿವೆ ಅಂತ ಅಳೆದು, ಊರವರ ಜೊತೆ ಕೂತು ಕನ್ನಡದಲ್ಲಿ ಪಟ್ಟಿ ಮಾಡಿ, ಅದನ್ನ ಅವರೇ ಪಂಚಾಯ್ತಿಗೂ ಅರಣ್ಯ ಇಲಾಖೆಗೂ ಕೊಡೋ ಹಾಗೆ ಮಾಡೋದು. ಸರ್ವೇ ಮಾಡೋಕೆ ಸಿವಿಲ್‌ನವರು ಬೇಕು, ಮ್ಯಾಪ್‌ಗೆ ಸಿಎಸ್‌ನವರು ಬೇಕು, ಆ ಕಡೆಯ ಕನ್ನಡ ಸರಿಯಾಗಿ ಅರ್ಥ ಆಗೋ ಯಾರಾದ್ರೂ ಖಂಡಿತ ಬೇಕು. ಸರ್ "ನೋಡೋಣ" ಅಂದಿದ್ದಾರೆ. ಬರೋ ಮನಸ್ಸಿದ್ದೋರು ಶುಕ್ರವಾರ ಸಂಜೆ ಕ್ಲಬ್ ರೂಮಿಗೆ ಬಂದು ಹೆಸರು ಕೊಡಿ. ಹಕ್ಕಿ ಹೊಲದಿಂದ ಏಳೋ ಮುಂಚೆ ಅಲ್ಲಿರಬೇಕು, ಬೆಳಿಗ್ಗೆ ಐದಕ್ಕೆ ಎಬ್ಬಿಸ್ತೀವಿ, ಆಮೇಲೆ ಬೈಬೇಡಿ.