ಸೊಂಟಕ್ಕೆ ಡ್ಯೂಪ್ ಇಲ್ಲ!

ಬುಕ್ಕಸಾಗರದ ಚಹಾದಂಗಡಿಯಲ್ಲಿ ಈಗಲೂ ನನ್ನನ್ನು ಹಿಡಿದು ಕೇಳ್ತಾರೆ: "ದರ್ಶನ್ ಸೊಂಟದ ಆಪರೇಷನ್ ಕಡೀಗೂ ಆತೋ ಇಲ್ಲೋ?"

ಜೈಲಿನಿಂದ ಚಿಕಿತ್ಸೆಗೆಂದು ಬಿಟ್ಟಾಗ ಆಗಲಿಲ್ಲ. ಕೊಲೆ ಕೇಸಿನ ಆರೋಪಿಯಾಗಿ ಅವರು ನಮ್ಮ ಬಳ್ಳಾರಿ ಜೈಲಿಗೆ ಬಂದದ್ದು 2024ರ ಆಗಸ್ಟ್ ಕೊನೆಗೆ. ಬೆನ್ನುನೋವೆಂದು ಸ್ಕ್ಯಾನ್ ಆಯಿತು. ಅಕ್ಟೋಬರ್ 30ರಂದು ಹೈಕೋರ್ಟು 6 ವಾರದ ಮಧ್ಯಂತರ ಜಾಮೀನು ಕೊಟ್ಟಿತು. ಬೆಂಗಳೂರಿನಲ್ಲಿ ಆಸ್ಪತ್ರೆ ಸೇರಿ, ಡಿಸೆಂಬರಿನಲ್ಲಿ ಆಪರೇಷನ್ ಇಲ್ಲದೆಯೇ ಹೊರಬಂದರು. ಕೇಸಿನ ಮಾತು ಕೋರ್ಟಿಗೇ ಇರಲಿ. ಆದರೆ ಆ ದಿನಗಳಲ್ಲಿ 'ಎಲ್-5, ಎಸ್-1' ಅನ್ನೋದು ನಮ್ಮ ಹುಡುಗರ ಬಾಯಲ್ಲಿ ಹೊಸ ಪಿಕ್ಚರಿನ ಟೈಟಲ್ ಥರ ಓಡಾಡಿತು! ಅರ್ಥ ಕೇಳಿದರೆ ಎಲ್ಲರೂ ಗಪ್‌ಚಿಪ್.

ಸೊಂಟದ ಕೊನೇ ಮೂಳೆ ಎಲ್-5. ಅದರ ಕೆಳಗಿನದು ಎಸ್-1. ನಡುವೆ ಮೆತ್ತೆಯಂಥ ಡಿಸ್ಕು. ಅದರ ಅಂಚು ಹರಿದು ಒಳಗಿನ ತಿರುಳು ಹೊರಗೆ ಚಾಚಿ, ಕಾಲಿಗಿಳಿಯುವ ನರವನ್ನು ಒತ್ತುತ್ತದೆ. ಕುಂಡಿಯಿಂದ ಹಿಮ್ಮಡಿವರೆಗೆ ಕರೆಂಟ್ ಹೊಡೆದಂಗೆ!

ಈ ಡಿಸ್ಕೇ ಕಳ್ಳ ಅಂತ 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಡಾಕ್ಟರುಗಳು ತೋರಿಸಿಕೊಟ್ಟರು. ಆಗ ಬೆನ್ನನ್ನು ಉದ್ದಕ್ಕೆ ಕೊಯ್ದು, ಮೂಳೆ ತೆಗೆದು ಮಾಡುವ ಕೆಲಸ. 1977ರ ಸುಮಾರಿಗೆ ಮೈಕ್ರೋಸ್ಕೋಪ್ ಬಂತು, ಗಾಯ ಎರಡು ಮೂರು ಸೆಂಟಿಮೀಟರಿಗೆ ಇಳಿಯಿತು. ಈಗ ಎಂಡೋಸ್ಕೋಪ್: ಒಂದು ಸೆಂಟಿಮೀಟರಿಗೂ ಸಣ್ಣ ತೂತು, ಅದರೊಳಗೆ ಪೆನ್ನಿನಷ್ಟು ದಪ್ಪದ ಕೊಳವೆ, ತುದಿಯಲ್ಲಿ ಕ್ಯಾಮೆರಾ. ಡಾಕ್ಟರು ಪರದೆ ನೋಡುತ್ತಲೇ ಚಾಚಿದ ಚೂರನ್ನು ಕಿತ್ತು ತೆಗೀತಾರೆ. ಅವತ್ತೋ ಮಾರನೇ ದಿನವೋ ಮನೆಗೆ. ಆದರೆ ವರ್ಷದ ನಂತರ ನೋಡಿದರೆ ಎರಡರ ಫಲವೂ ಹೆಚ್ಚುಕಮ್ಮಿ ಒಂದೇ. 'ಲೇಸರ್' ಎಂಬ ಬೋರ್ಡಿಗೆ ಮರುಳಾಗಬೇಡಿ. ಪೋಸ್ಟರ್ ನೋಡಿ ಟಿಕೆಟ್ ಕೊಂಡು ನಾವೆಷ್ಟು ಸಲ ಕೆಟ್ಟಿಲ್ಲ!

ಇನ್ನೊಂದು ವಿಷಯ. ಹೆಚ್ಚಿನವರಿಗೆ ಈ ನೋವು ಆರರಿಂದ ಹನ್ನೆರಡು ವಾರದಲ್ಲಿ ಮಾತ್ರೆ, ವ್ಯಾಯಾಮದಲ್ಲೇ ಇಳಿಯುತ್ತದೆ. ಚಾಚಿದ ತಿರುಳು ತಾನೇ ಕರಗುವುದೂ ಉಂಟು. ಇಳಿಯದಿದ್ದರೆ ನರದ ಬುಡಕ್ಕೆ ಇಂಜೆಕ್ಷನ್. ಆಪರೇಷನ್ ಆಮೇಲಿನ ಮಾತು.

ಹಾಗಂತ ಸುಮ್ಮನೆ ಕೂತಿರಬೇಕೇ? ಊರಲ್ಲಿ ಬಾಳೆಗೊನೆ ಲೋಡ್ ಮಾಡುವ ಹುಡುಗನೊಬ್ಬ ಮೊನ್ನೆ ಖುಷಿಯಿಂದ ಹೇಳಿದ: "ನೋವು ಕಡಿಮಿ ಆಗೇತಣ್ಣ. ಆದ್ರ ಕಾಲಾಗಿನ ಚಪ್ಪಲಿ ಜಾರಿ ಬಿದ್ರೂ ಗೊತ್ತಾಗವಲ್ದು." ನನಗೆ ಎದೆ ಝಲ್ಲೆಂದಿತು. "ಹಿಮ್ಮಡಿ ಮ್ಯಾಲೆ ನಾಕು ಹೆಜ್ಜಿ ನಡಿ ನೋಡಾನ" ಅಂದೆ. ಬಲಗಾಲಿನ ಮುಂಗಾಲು ಮೇಲೇಳಲೇ ಇಲ್ಲ! ನೋವು ಹೋದದ್ದಲ್ಲ, ನರ ಸೋಲುತ್ತಿತ್ತು. ಎಣ್ಣೆ ತಿಕ್ಕಿಸುತ್ತಾ ಎರಡು ವಾರ ಕಳೆದಿದ್ದನಂತೆ. ಮಾರನೇ ದಿನವೇ ಹೊಸಪೇಟೆ ಬಸ್ಸು ಹತ್ತಿಸಿದೆ.

ನೀವೂ ಈಗಲೇ ಎದ್ದು ನೋಡಿ. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲ ಮೇಲೆ ನಾಲ್ಕು ಹೆಜ್ಜೆ. ಒಂದು ಕಾಲು ಸೋತರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಉಚ್ಚೆ ಕಟ್ಟಿದರೆ, ಹಿಡಿತ ತಪ್ಪಿದರೆ, ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವುಂಟು. ಕಾರ್ಡು ಜೇಬಲ್ಲಿರಲಿ.